ಬಲಸುತ್ತಿನ ಗಿರಗಿಟ್ಲಿ

ನಮ್ಮ ಅಡಿಗೆಮನೆಯಲ್ಲಿ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಈ ಮಾತು ಹೇಳಿದರೆ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು, ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಹುಟ್ಟಿದ ಟೀಚರು ಕತ್ತಲೆಯ ಪುರಾಣ ತೆಗೆಯುತ್ತಾರಲ್ಲ ಎಂದು. ಅವರಿಗೇನು ಗೊತ್ತು! ಬಿಸಿಲು ಒಳಗೆ ಕಾಲಿಡಬಾರದೆಂದೇ ಕಟ್ಟಿದ ಮನೆಗಳು ನಮ್ಮವು. ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಪಕ್ಕಕ್ಕೆ ಆಡಿನ ಕೊಟ್ಟಿಗೆ, ಹಿಂದೆ ಅಡಿಗೆಮನೆ. ಗೋಡೆಗಳು ಒಂದು ಮೊಳಕ್ಕೂ ದಪ್ಪ. ಕಿಟಕಿ ಎಂಬ ವಸ್ತುವನ್ನು ನಾನು ಮೊದಲು ನೋಡಿದ್ದೇ ಶಾಲೆಯಲ್ಲಿ. ಅಡಿಗೆಮನೆಯ ಮಾಳಿಗೆಯಲ್ಲಿ ತಟ್ಟೆಯಗಲದ ಒಂದು ಬೆಳಕಿಂಡಿ ಇತ್ತು, ನಿಜ. ಆದರೆ ಒಲೆಯ ಹೊಗೆಯೆಲ್ಲ ಅದೇ ದಾರಿಯಲ್ಲಿ ಹೊರಗೆ ಹೋಗಬೇಕಾಗಿದ್ದರಿಂದ ಬೆಳಕಿಗೆ ಒಳಗೆ ಬರಲು ಜಾಗವೇ ಸಿಗುತ್ತಿರಲಿಲ್ಲ. ಹಾಗಾಗಿ ಅವ್ವ ಹಗಲು ಹೊತ್ತಿನಲ್ಲೂ ಒಲೆಯ ಪಕ್ಕ ಸೀಮೆಎಣ್ಣೆಯ ಚಿಮಣಿ ಹಚ್ಚಿಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟಿನ ಬಿಳಿ, ಅವಳ ಬಳೆಯ ಹಸಿರು, ಇವೆರಡೇ ಆ ಕೋಣೆಯಲ್ಲಿ ಕಾಣುತ್ತಿದ್ದ ಬಣ್ಣಗಳು.

ಊರಿಗೆ ಕರೆಂಟು ಬಂದು ಆಗಲೇ ಎರಡು ಬೇಸಿಗೆ ಕಳೆದಿದ್ದವು. ಕಂಬಗಳು ಒಂದರ ಹಿಂದೊಂದು ನಡೆದು ಬಂದು ನಮ್ಮ ಓಣಿಯ ಬಾಯಿಯಲ್ಲಿ ನಿಂತುಬಿಟ್ಟವು. ಕೇಳಿದರೆ ಪಟ್ಟಿಯಲ್ಲಿ ಈ ಓಣಿ ಇಲ್ಲ, ಮುಂದಿನ ಪಟ್ಟಿಗೆ ಬರುತ್ತದೆ ಎಂದರು. ನಮ್ಮ ಓಣಿಗೆ ಎಲ್ಲವೂ ಮುಂದಿನ ಪಟ್ಟಿಯಲ್ಲೇ ಬರುತ್ತಿತ್ತು, ಅದೇನು ಹೊಸದಲ್ಲ. ನಾವು ಆ ಕೊನೆಯ ಕಂಬಕ್ಕೆ ಆಡು ಕಟ್ಟುತ್ತಿದ್ದೆವು.

ಅಪ್ಪ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಪಟ್ಟಾ ಕೆಲಸದವನು. ಆ ಕಾಲದ ಮಿಲ್ಲುಗಳಲ್ಲಿ ಒಂದು ದೊಡ್ಡ ಎಂಜಿನ್ನು ಉದ್ದನೆಯ ಒಂದು ಶಾಫ್ಟನ್ನು ತಿರುಗಿಸುತ್ತಿತ್ತು. ಆ ಶಾಫ್ಟಿನಿಂದ ಒಂದೊಂದು ಮಷೀನಿಗೂ ಒಂದೊಂದು ಪಟ್ಟಾ, ಅಂದರೆ ಬೆಲ್ಟು, ಇಳಿಯುತ್ತಿತ್ತು. ಹರಿದ ಪಟ್ಟಾ ಹೊಲಿಯುವುದು, ಸಡಿಲಾದದ್ದನ್ನು ಬಿಗಿ ಮಾಡುವುದು, ಜಾರಿದ್ದನ್ನು ಮತ್ತೆ ಏರಿಸುವುದು ಅಪ್ಪನ ಕೆಲಸ. ಹೆಸರು ಹುಸೇನಪ್ಪ, ಆದರೆ ಊರಲ್ಲೆಲ್ಲ ಪಟ್ಟಾ ಹುಸೇನಪ್ಪ. ಹತ್ತಿಯ ಹಂಗಾಮು ಇರುವಷ್ಟು ದಿನ ಅಲ್ಲೇ ಮಿಲ್ಲಿನಲ್ಲಿ ಮಲಗಿ, ಐತವಾರ ಬಸ್ಸಿಗೆ ಊರಿಗೆ ಬರುತ್ತಿದ್ದ. ಬೇಸಿಗೆಯಲ್ಲಿ ಮಿಲ್ಲು ನಿಂತರೆ ಮನೆಯಲ್ಲೇ. ಆ ವರ್ಷ ಮಿಲ್ಲಿನ ಮ್ಯಾನೇಜರು, ಮುಂದಿನ ಹಂಗಾಮಿನಿಂದ ವರ್ಷದ ಬಾರಾ ಮಹಿನೆಯೂ ಕೆಲಸ ಕೊಡುತ್ತೇನೆ, ಮಿಲ್ಲಿನ ಹಿಂದಿನ ಸಾಲಿನಲ್ಲಿ ಒಂದು ಖೋಲಿಯೂ ಕೊಡುತ್ತೇನೆ, ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕುವುದಾದರೆ ಶಾಲೆ ಸುರುವಾಗುವುದರೊಳಗೆ ಹೇಳು ಎಂದಿದ್ದ. ಖೋಲಿಗೆ ಕಿಟಕಿ ಇತ್ತು, ಅಂಗಳದಲ್ಲಿ ನಲ್ಲಿ ಇತ್ತು, ಸೂರಿನಲ್ಲಿ ಬಲ್ಬು ಇತ್ತು. ಒಂದು ಸಲ ಅವ್ವ ಆ ಖೋಲಿ ನೋಡಿ ಬಂದವಳು ವಾರವಿಡೀ ಅದರ ಸುದ್ದಿಯನ್ನೇ ಹೇಳಿದಳು.

ಆಯಿ, ಅಂದರೆ ಅಪ್ಪನ ತಾಯಿ, ಬರುವುದಿಲ್ಲ ಎಂದಳು. ಅಳುತ್ತ ಕರೆಯುತ್ತ ಅಲ್ಲ; ಆಡಿಗೆ ಸೊಪ್ಪು ಹಾಕುತ್ತ, ನಾಳೆ ಸಂತೆಗೆ ಬರುವುದಿಲ್ಲ ಎನ್ನುವ ಹಾಗೆ. ಹನ್ನೊಂದು ಆಡು, ಅದರಲ್ಲಿ ಮೂರು ಗಬ್ಬದವು, ಇವನ್ನು ಮಿಲ್ಲಿನ ಖೋಲಿಯಲ್ಲಿ ಕಟ್ಟಲಾ ಎಂದು ಕೇಳಿದಳು. ನೀವು ಹೋಗಿರಿ, ನಾನು ಇಲ್ಲಿ ರಾಣಿಯ ಹಾಗೆ ಇರುತ್ತೇನೆ ಎಂದಳು. ಅಪ್ಪ ತಾಯಿಯನ್ನು ಬಿಟ್ಟು ಹೋಗಲಾರ, ಅವ್ವ ಕತ್ತಲೆಯಲ್ಲಿ ಇರಲಾರಳು, ಮಾತು ಅಲ್ಲಿಗೇ ನಿಂತಿತ್ತು. ನನಗೆ ಹತ್ತು ವರ್ಷ. ನಾನು ಆಯಿಯ ಮಗ್ಗುಲಲ್ಲಿ ಮಲಗುವವಳು, ಆಯಿಯ ತಾಟಿನಲ್ಲಿ ಉಣ್ಣುವವಳು. ಮನೆ ಎರಡು ಹೋಳಾದರೆ ನಾನು ಯಾವ ಹೋಳಿಗೆ ಹೋಗಬೇಕು ಎಂದು ಲೆಕ್ಕ ಹಾಕಿ ಹಾಕಿ ನನ್ನ ತಲೆ ಕೆಟ್ಟಿತ್ತು.

ಆಗಲೇ ಭೀಮನ ತಲೆ ಸುಟ್ಟದ್ದು. ಭೀಮ ನನ್ನ ತಮ್ಮ, ನಾಲ್ಕು ವರ್ಷದ ಹೊಟ್ಟೆಬಾಕ. ಒಂದು ಮಧ್ಯಾಹ್ನ ಹಂಚಿನ ಮೇಲಿನ ಬಿಸಿ ರೊಟ್ಟಿಗೆ ಕೈ ಚಾಚಲು ಹೋಗಿ ಚಿಮಣಿಯ ಮೇಲೆ ಬಾಗಿದ. ಚುರ್ರೆಂದು ಕೂದಲು ಹೊತ್ತಿಕೊಂಡಿತು. ಅವ್ವ ಹಿಟ್ಟಿನ ಕೈಯಿಂದಲೇ ಅವನ ತಲೆಯನ್ನು ಗಬಕ್ಕನೆ ಅಮುಕಿ ಆರಿಸಿದಳು. ಚರ್ಮಕ್ಕೇನೂ ಆಗಲಿಲ್ಲ, ಅರ್ಧ ತಲೆ ಬೋಳಾಯಿತು ಅಷ್ಟೆ. ಭೀಮ ಅತ್ತು ಮುಗಿಸಿ, ತಲೆಗೆ ಮೆತ್ತಿದ ಹಿಟ್ಟನ್ನು ಕೆರೆದು ತಿಂದ. ಆದರೆ ಅವ್ವ ಮಾತ್ರ ಚಿಮಣಿ ಆರಿಸಿ, ಹಿಟ್ಟು ಅಲ್ಲೇ ಬಿಟ್ಟು ಎದ್ದಳು. ಅಪ್ಪ ಹೊರಗಿನಿಂದ ಬಂದ ಮೇಲೆ ಅವಳು ಕೂಗಾಡಲಿಲ್ಲ. ಚಿಮಣಿಯನ್ನು ತಂದು ಅವನ ಮುಂದಿಟ್ಟಳು.

"ಇದರ ಮಗ್ಗಲ ನಾ ಇನ್ನ ರೊಟ್ಟಿ ಬಡಿಯಂಗಿಲ್ಲರಿ. ಬಲ್ಬು ಇಲ್ಲಿಗಿ ಬರಬೇಕು, ಇಲ್ಲಾ ಬಲ್ಬು ಇದ್ದಲ್ಲಿಗಿ ನಾವು ಹೋಗಬೇಕು."

ಅಪ್ಪ ಚಿಮಣಿಯನ್ನು ಎತ್ತಿ ಬದಿಗಿಟ್ಟ. ಆಮೇಲೆ, ಮಿರಗದ ಮಳೆ, ಅಂದರೆ ಜೂನಿನ ಮೊದಲ ಮಳೆ, ಬರುವುದರೊಳಗೆ ಈ ಅಡಿಗೆಮನೆಯಲ್ಲಿ ಬಲ್ಬು ಉರಿಯುತ್ತದೆ, ಉರಿಯದಿದ್ದರೆ ಶಾಲೆ ಸುರುವಾಗುವ ಮೊದಲೇ ಗಂಟುಮೂಟೆ ಕಟ್ಟಿ ರಾಯಚೂರಿಗೆ ಹೋಗೋಣ ಎಂದ. ಅದು ಹೇಗೆ ಉರಿಯುತ್ತದೆ ಎಂದು ಕೇಳಿದ್ದಕ್ಕೆ ಗಾಳಿಯಿಂದ ಎಂದ. ಆಯಿ ಅವನ ಹಣೆ ಮುಟ್ಟಿ ಜ್ವರ ನೋಡಿದಳು.

ಅವನ ತಲೆಯಲ್ಲಿ ಆ ಹುಳ ಹೊಕ್ಕದ್ದು ಮಿಲ್ಲಿನಲ್ಲೇ. ಬಿಡಿಸಿದ ಹತ್ತಿಯನ್ನು ದೊಡ್ಡ ಕೊಳವೆಯಲ್ಲಿ ಊದಿ ಸಾಗಿಸಲು ಅಲ್ಲೊಂದು ಕರೆಂಟಿನ ಫ್ಯಾನು ಇತ್ತಂತೆ. ಒಂದು ದಿನ ಮಿಲ್ಲು ನಿಂತಾಗ, ಹೊರಗಿನ ಬಿರುಗಾಳಿ ಕೊಳವೆಯೊಳಗೆ ನುಗ್ಗಿ ಆ ಫ್ಯಾನನ್ನು ತಾನೇ ಗಿರಗಿರ ತಿರುಗಿಸಿತಂತೆ. ಕರೆಂಟು ಹೋಗಿ ಗಾಳಿಯಾಗುವುದಾದರೆ ಗಾಳಿ ಹೋಗಿ ಕರೆಂಟು ಯಾಕಾಗಬಾರದು, ಇದು ಅಪ್ಪನ ವಾದ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ಆ ಪ್ರಶ್ನೆಯನ್ನು ತಾನಾಗಿಯೇ ಕೇಳಿಕೊಂಡನಲ್ಲ ಎಂದು ನನಗೆ ಈಗಲೂ ಹೆಮ್ಮೆ. ಪಾಠದ ಪುಸ್ತಕದಲ್ಲಿ ಓದಿದ ನನಗೇ ಅದು ಹೊಳೆದಿರಲಿಲ್ಲ.

ಮಾರನೆಯ ದಿನ ಅಪ್ಪ ಕೊಟ್ಟಿಗೆಯ ಬಾಗಿಲು ಕಿತ್ತ. ಸಾಗುವಾನಿ ಹಲಗೆಯ ಬಾಗಿಲು ಅದು, ಅಜ್ಜನ ಕಾಲದ್ದು. ಆಯಿ ಹೊಲಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಬಾಗಿಲು ಮೂರು ಉದ್ದನೆಯ ಹಲಗೆಯಾಗಿತ್ತು, ಆಡುಗಳು ಪಡಸಾಲೆಯಲ್ಲಿ ಕುಳಿತು ನನ್ನ ಪಾಟಿಚೀಲ ಮೆಲ್ಲುತ್ತಿದ್ದವು. ಆ ದಿನದ ಜಗಳವನ್ನು ಬರೆಯಲು ಹೋದರೆ ಬೇರೆ ಅಧ್ಯಾಯವೇ ಬೇಕು. ಅಂತೂ ಅಂದಿನಿಂದ ಮಿರಗದವರೆಗೆ ಆಡುಗಳು ನಮ್ಮೊಂದಿಗೇ ವಾಸ ಮಾಡಿದವು, ಉಣ್ಣುವಾಗ ಒಬ್ಬರು ಕೋಲು ಹಿಡಿದು ಕಾಯಬೇಕಿತ್ತು. ಪುಂಡಿಪಲ್ಲೆಯ ಕಟ್ಟು ತಂದರೆ ಸೂರಿಗೆ ನೇತುಹಾಕುತ್ತಿದ್ದೆವು.

ತಿರುಗಿಸಿದರೆ ಕರೆಂಟು ಹುಟ್ಟಿಸುವ ಡೈನಮೋ ಬಂದದ್ದು ರಾಯಚೂರಿನ ಗುಜರಿ ಅಂಗಡಿಯ ಮಹಬೂಬ ಸಾಬರಿಂದ. ಹಳೆಯ ಲಾರಿಯದು, ಕುಂಬಳಕಾಯಿಯಷ್ಟು ತೂಕ. ಅವರ ಅಂಗಡಿಯಲ್ಲಿ ಕೆಟ್ಟುಹೋಗಿದ್ದ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತನ್ನು ಅಪ್ಪ ಸರಿಮಾಡಿಕೊಟ್ಟದ್ದಕ್ಕೆ ಬದಲಾಗಿ ಡೈನಮೋ, ಒಂದು ಹಳೇ ಬ್ಯಾಟರಿ, ಲಾರಿಯ ಒಂದು ಬಲ್ಬು ಸಿಕ್ಕವು. ಒಂದು ಹಳೇ ಸೈಕಲ್ಲಿನ ಹಿಂದಿನ ಗಾಲಿ ಪಟ್ಟಾ ಹಾಯುವ ದೊಡ್ಡ ಪುಲ್ಲಿಯಾಯಿತು. ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆಯೊಂದಿಗೆ ಸೈಕಲ್ ಗಾಲಿ ತಿರುಗುತ್ತದೆ, ಗಾಲಿಯಿಂದ ಒಂದು ಪಟ್ಟಾ ಡೈನಮೋದ ಪುಟ್ಟ ಪುಲ್ಲಿಗೆ ಹೋಗುತ್ತದೆ, ಗಾಲಿ ಒಂದು ಸುತ್ತು ಹಾಕಿದರೆ ಡೈನಮೋ ಎಂಟು ಸುತ್ತು. ಇದನ್ನು ಅಪ್ಪ ನೆಲದ ಮೇಲೆ ಇದ್ದಲಿನಿಂದ ಬರೆದು ನನಗೆ ತಿಳಿಸಿ ಹೇಳಿದ. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದು, ಮತ್ತು ನನಗೆ ಒಂದೇ ಸಲಕ್ಕೆ ತಿಳಿದ ಮೊದಲ ಪಾಠವೂ ಅದೇ.

ಹದಿನೈದು ದಿನ ಕೂತು ಅಪ್ಪ ಮೂರು ರೆಕ್ಕೆ ಕೆತ್ತಿದ. ಉಳಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ಅಗಸೆ ಎಣ್ಣೆ ತಿಕ್ಕಿ, ಸೈಕಲ್ ಗಾಲಿಗೆ ಬಿಗಿದು, ಅಂಗಳದಲ್ಲಿ ಎತ್ತಿ ಹಿಡಿದು ಆಯಿಗೆ ತೋರಿಸಿದ. ಗಾಳಿ ಬೀಸಿತು. ಚಕ್ರ ಮಕ್ಕಳಾಡುವ ಗಿರಗಿಟ್ಲಿಯ ಹಾಗೆ ಮೆಲ್ಲಗೆ ತಿರುಗಿತು. ಓಣಿಯ ಹೆಂಗಸರೆಲ್ಲ ಹೋ ಎಂದರು. ಆಯಿ ಮಾತ್ರ ಕಟ್ಟೆಯ ಮೇಲೆ ಕುಳಿತಲ್ಲೇ ಹುಬ್ಬು ಗಂಟಿಕ್ಕಿದಳು.

"ಎಡಸುತ್ತು ತಿರುಗಾಕತ್ತದಲ್ಲೋ ತಮ್ಮಾ. ಎಡಸುತ್ತು ಸುತ್ತೋದು ಸತ್ತವರ ಮುಂದ. ಬಾಳೋ ಮನಿ ಮ್ಯಾಲ ಅದನ್ನ ಏರಿಸಬ್ಯಾಡ."

ಅಪ್ಪ ನಗಲು ನೋಡಿದ. ಆಯಿ ನಗಲಿಲ್ಲ. ಇದು ಚಕ್ರವಲ್ಲವೇ, ಆ ಕಡೆಯಿಂದ ನೋಡಿದರೆ ಬಲಕ್ಕೇ ತಿರುಗುತ್ತದೆ ಎಂದು ಅಪ್ಪ ಎದ್ದು ಚಕ್ರದ ಆಚೆಗೆ ಹೋಗಿ ನಿಂತು ತೋರಿಸಿದ. ಆಚೆ ಕಡೆ ಯಾರು ಕೂರುತ್ತಾರೆ, ಕೂರುವವಳು ನಾನು, ಕೂರುವುದು ಈ ಕಟ್ಟೆಯ ಮೇಲೆ ಎಂದಳು ಆಯಿ. ಓಣಿಯ ಹೆಂಗಸರು ಎರಡು ಪಕ್ಷವಾದರು. ಕೆಲವರು ಗಾಳಿ ಬರುವ ಕಡೆಯಿಂದ ನೋಡಬೇಕು ಎಂದರು, ಕೆಲವರು ಮನೆಯ ಬಾಗಿಲಿನಿಂದ ನೋಡಬೇಕು ಎಂದರು. ಎಡ ಬಲ ಎಂಬುದು ನಿಂತ ಜಾಗದ ಮೇಲೆ ಹೋಗುತ್ತದೆ ಎಂದು ಆಮೇಲೆ ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದೆ, ಆದರೆ ಅಂದು ಅಂಗಳದಲ್ಲಿ ಕಲಿತಷ್ಟು ಚೆನ್ನಾಗಿ ಯಾರೂ ಕಲಿಯಲಿಲ್ಲ. ಕೊನೆಗೆ ಅಪ್ಪ ಸೋತ. ಯಾರಿಗಾಗಿ ಈ ಮನೆ ಬಿಡದೆ ಒದ್ದಾಡುತ್ತಿದ್ದನೋ ಅವಳ ಮನಸ್ಸಿಗೆ ಮುಳ್ಳು ಚುಚ್ಚಿ ಚಕ್ರ ಏರಿಸುವುದು ಅವನಿಂದ ಆಗಲಿಲ್ಲ. ಬಾಗಿಲಿನ ಉಳಿದ ಹಲಗೆ, ಅಡ್ಡಪಟ್ಟಿ ಎಲ್ಲ ಸೇರಿಸಿ ಮತ್ತೆ ಮೂರು ರೆಕ್ಕೆ ಕೆತ್ತಿದ, ಈ ಸಲ ಓರೆಯನ್ನು ತಿರುವು ಮುರುವು ಮಾಡಿ. ಮಿರಗಕ್ಕೆ ಎರಡೇ ವಾರ ಉಳಿಯಿತು. ಅವ್ವ ದಿನ ಎಣಿಸುತ್ತಿದ್ದಳು.

ಮಾಳಿಗೆಯ ಮೇಲೆ ಜಾಲಿಯ ಕಂಬ ನೆಟ್ಟು ಚಕ್ರ ಏರಿಸಿದ ದಿನ ನಮ್ಮ ಮನೆಗೆ ಮದುವೆಯ ಕಳೆ. ಒಗ್ಗರಣೆ ಮಂಡಾಳು, ಮೆಣಸಿನಕಾಯಿ ಬಜ್ಜಿ ಮಾಡಿ ಓಣಿಗೆಲ್ಲ ಹಂಚಿದೆವು. ತಂತಿ ಬೆಳಕಿಂಡಿಯಿಂದ ಇಳಿದು ಅಡಿಗೆಮನೆಗೆ ಬಂತು, ತಂತಿಯ ತುದಿಗೆ ಬಲ್ಬು. ಪಡುವಣದಿಂದ ಗಾಳಿ ಎದ್ದಿತು. ಅಪ್ಪ ಕಟ್ಟಿದ್ದ ಹಗ್ಗ ಬಿಚ್ಚಿದ. ಅಯ್ಯೋ, ಏನು ತಿರುಗಿತು ಅದು! ರೆಕ್ಕೆಗಳು ಕಣ್ಣಿಗೇ ಕಾಣದಷ್ಟು ಜೋರು. ಇಡೀ ಮಾಳಿಗೆ ಗದಗದ ನಡುಗಿ, ಮೇಲಿನ ಮಣ್ಣು ಉದುರಿ, ಒಲೆಯ ಮೇಲಿನ ಬೇಳೆಸಾರಿಗೆ ಬಿತ್ತು. ಕಟ್ಟೆಯಿಂದ ಆಯಿ ನೋಡಿದಳು, ಬಲಸುತ್ತು, ಸೈ ಎಂದಳು. ನಾನು ಅಡಿಗೆಮನೆಯಲ್ಲಿ ಬಲ್ಬಿನ ಕೆಳಗೆ ಬಾಯಿ ತೆರೆದು ನಿಂತಿದ್ದೆ. ಬಲ್ಬು ಉರಿಯಲಿಲ್ಲ. ಕೆಂಪಗೂ ಆಗಲಿಲ್ಲ.

ಅಪ್ಪ ತಂತಿ ಬಿಚ್ಚಿ ಕಟ್ಟಿದ, ಬಲ್ಬು ಕಳಚಿ ಮತ್ತೆ ಹಾಕಿದ, ಪಟ್ಟಾ ಬಿಗಿ ಮಾಡಿದ. ಉಹೂಂ. ಓಣಿಯವರು ಪಾಪ, ಬಜ್ಜಿ ತಿಂದು ಹೋದರು. ಮರುದಿನ ಅಪ್ಪ ಡೈನಮೋವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ. ಮಹಬೂಬ ಸಾಬರು ಅದನ್ನು ತಮ್ಮ ಲೇತಿಗೆ ಕಟ್ಟಿ ತಿರುಗಿಸಿದರೆ ಬಲ್ಬು ಹಗಲಿನಂತೆ ಉರಿಯಿತಂತೆ! ಸಂಜೆ ಕುಣಿಯುತ್ತ ಬಂದ, ಏರಿಸಿದ, ಹಗ್ಗ ಬಿಚ್ಚಿದ. ಮತ್ತೆ ಅದೇ ಕತ್ತಲೆ. ಮತ್ತೆ ಬಸ್ಸು, ಮತ್ತೆ ಲೇತು, ಮತ್ತೆ ಬೆಳಕು. ರಾಯಚೂರಿನಲ್ಲಿ ಉರಿಯುವ ಬಲ್ಬು ಬಾಗಲವಾಡದಲ್ಲಿ ಉರಿಯದು. ಇದಕ್ಕೆ ಏನನ್ನಬೇಕು? ನಮ್ಮ ಓಣಿ ಪಟ್ಟಿಯಲ್ಲಿಲ್ಲ ಎಂದು ಡೈನಮೋಗೂ ಗೊತ್ತಾಗಿದೆ ಎಂದು ಜನ ಗೇಲಿ ಮಾಡಿದರು. ಅಪ್ಪ ಎರಡನೇ ಸಲ ಬಂದಾಗ ನಗಲಿಲ್ಲ. ಗೋಣಿಚೀಲವನ್ನು ಮೂಲೆಯಲ್ಲಿಟ್ಟು, ಹೋಗೋಣ ತಗೋ ಎಂದು ಅವ್ವನಿಗೆ ಹೇಳಿದ. ಅವ್ವ ತಾಮ್ರದ ಕೊಡ, ಹಂಚು, ಹಿಟ್ಟು ನಾದುವ ಕೊಣಮಿಗೆ ಬೇರೆ ತೆಗೆದಿಟ್ಟು, ಆಯಿಗೆ ಬೇಕಾಗುವ ಎರಡು ಗಡಿಗೆ ಬೇರೆ ಇಟ್ಟಳು. ಆ ಎರಡು ಗಡಿಗೆ ನೋಡಿ ನಾನು ಕೊಟ್ಟಿಗೆಗೆ ಹೋಗಿ ಅತ್ತೆ.

ಆ ವಾರದ ಜೋಳ ಬೀಸಿಸಲು ಅವ್ವ ಗಿರಣಿಗೆ ಹೊರಟಳು, ನನ್ನನ್ನೂ ಕರೆದುಕೊಂಡಳು. ಶರಣಪ್ಪನ ಗಿರಣಿ ಡೀಸೆಲ್ ಎಂಜಿನ್ನಿನದು, ತುಕ್ಕುತುಕ್ಕು ಎಂದು ಊರಿಗೆಲ್ಲ ಕೇಳುತ್ತಿತ್ತು. ಅಲ್ಲಿ ನಮ್ಮ ಓಣಿಯವರ ಪಾಳಿ ಎಲ್ಲರದೂ ಮುಗಿದ ಮೇಲೆ ಬರುತ್ತಿತ್ತು. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟಿ ಇಟ್ಟುಕೊಂಡು ಬಾಗಿಲ ಹೊರಗೆ ಕುಳಿತು, ತೆರೆದ ಬಾಗಿಲಿನಿಂದ ಎಂಜಿನ್ನು ನೋಡುವುದೇ ಕೆಲಸ. ಅವ್ವ ಆ ದಿನ ಬಹಳ ಹೊತ್ತು ಪಟ್ಟಾ ನೋಡಿದಳು. ಎಂಜಿನ್ನಿನಿಂದ ಕಲ್ಲಿಗೆ ಹೋಗುವ ಪಟ್ಟಾ ನೆಟ್ಟಗೆ ಹೋಗುತ್ತಿರಲಿಲ್ಲ. ನಡುವೆ ಒಂದು ಎಳೆ ಇನ್ನೊಂದರ ಮೇಲೆ ದಾಟಿ, ಇಂಗ್ಲಿಷಿನ ಎಂಟರ ಹಾಗೆ ಇತ್ತು. ಅವ್ವನಿಗೆ ಇಂಗ್ಲಿಷಿನ ಎಂಟು ಗೊತ್ತಿರಲಿಲ್ಲ. ಹೆಳಲು ಹಾಕಿದ ಹಾಗೆ ಯಾಕೆ ದಾಟಿಸಿದ್ದೀರಿ ಎಂದು ಶರಣಪ್ಪನನ್ನು ಕೇಳಿದಳು. ಅವನು ಹಿಟ್ಟಿನ ಮೀಸೆ ಒರೆಸಿಕೊಳ್ಳುತ್ತ, ಎಂಜಿನ್ನು ತಿರುಗುವುದು ಆ ಕಡೆ, ಕಲ್ಲಿನ ಗೀರು ಕಚ್ಚುವುದು ಈ ಕಡೆ, ದಾಟಿಸದಿದ್ದರೆ ಕಲ್ಲು ಉಲ್ಟಾ ತಿರುಗಿ ಕಾಳು ಕಾಳಾಗಿಯೇ ಹೊರಗೆ ಬೀಳುತ್ತದೆ ಎಂದ. ಅಂದರೆ ತಿರುಗಿದರೂ ಬೀಸುವುದಿಲ್ಲ? ಅವ್ವ ಕೇಳಿದಳು. ತಿರುಗಿದರೂ ಬೀಸುವುದಿಲ್ಲ ಎಂದ ಅವನು.

ಅವ್ವ ಹಿಟ್ಟಿನ ಬುಟ್ಟಿ ಹೊತ್ತು, ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ಮನೆಗೆ ನಡೆದಳು. ಅವಳಿಗೆ ಅಲ್ಲೇ ತಿಳಿದಿತ್ತು, ನನಗೆ ಖಾತ್ರಿ. ತಿಳಿದೂ ಮೂರು ದಿನ ಸುಮ್ಮನಿದ್ದಳು. ಖೋಲಿಯ ಕಿಟಕಿ, ನಲ್ಲಿಯ ನೀರು ಅವಳ ಕಣ್ಣ ಮುಂದೆ ಇದ್ದವು. ಬಾಯಿ ಮುಚ್ಚಿಕೊಂಡು ಇನ್ನೊಂದು ವಾರ ಕಳೆದರೆ ಅವೆಲ್ಲ ಅವಳವೇ. ಆ ಮೂರು ದಿನ ಅವಳು ಆಯಿಯ ಎರಡು ಗಡಿಗೆಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಟ್ಟಳು. ಸಾರಿಗೆ ಉಪ್ಪು ಮರೆತಳು. ಆಯಿ ಒಂದು ಮಾತು ಅನ್ನದೆ ಸಪ್ಪೆ ಸಾರು ಉಂಡಳು, ಅದೂ ಆಯಿ! ನಾನು ಇದನ್ನೆಲ್ಲ ನೋಡುತ್ತಿದ್ದೆ. ಅವ್ವನ ಮೇಲೆ ನನಗೆ ಸಿಟ್ಟು ಬಂದಿತ್ತೋ ಕನಿಕರ ಬಂದಿತ್ತೋ ನೆನಪಿಲ್ಲ, ಎರಡೂ ಬಂದಿರಬೇಕು.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಉಣ್ಣಲು ಕುಳಿತಿದ್ದ. ಅವ್ವ ಒಲೆಗೆ ಮುಖ ಮಾಡಿಕೊಂಡೇ ಕೇಳಿದಳು.

"ಸಾಬರ ಅಂಗಡ್ಯಾಗ ಅದು ಯಾವ ಕಡಿಗಿ ತಿರುಗುತಿತ್ರಿ? ನಮ್ಮ ಮಾಳಿಗಿ ಮ್ಯಾಲ ತಿರುಗಿದಂಗೇನಾ, ಅದರ ಉಲ್ಟಾನಾ?"

ಅಪ್ಪನ ಕೈ ರೊಟ್ಟಿಯ ಮೇಲೆ ನಿಂತಿತು. ಗಾಳಿಯಲ್ಲಿ ಬೆರಳು ಆಡಿಸಿ ಲೇತನ್ನು ನೆನಪು ಮಾಡಿಕೊಂಡ. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಉಲ್ಟಾ, ಎಂದ ಸಣ್ಣ ದನಿಯಲ್ಲಿ. ಹಾಗಾದರೆ ಶರಣಪ್ಪನ ಗಿರಣಿಯ ಹಾಗೆ ಪಟ್ಟಾ ದಾಟಿಸಿ ನೋಡಿರಿ ಎಂದಳು ಅವ್ವ, ಇನ್ನೊಂದು ರೊಟ್ಟಿ ತಿರುವಿ ಹಾಕುತ್ತ. ಅಪ್ಪ ತಾಟು ಸರಿಸಿದ. ಆಮೇಲೆ ತನ್ನ ಹಣೆಯನ್ನು ಪಟಪಟ ಬಡಿದುಕೊಂಡು ನಗಲು ಸುರುಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು. ಮಿಲ್ಲಿನಲ್ಲಿ ಎಷ್ಟೋ ಮಷೀನಿಗೆ ಪಟ್ಟಾ ದಾಟಿಸಿ ಹಾಕಿದ ಕೈ ಅದು! ಊರೆಲ್ಲ ಪಟ್ಟಾ ಹುಸೇನಪ್ಪ ಎನ್ನುವವನಿಗೆ ತನ್ನ ಮಾಳಿಗೆಯ ಮೇಲಿನ ಪಟ್ಟಾ ಕಾಣಲಿಲ್ಲ.

ಡೈನಮೋದ ಗುಟ್ಟು ನನಗೆ ಕಾಲೇಜಿನಲ್ಲಿ ತಿಳಿಯಿತು. ಅದರ ಹೊಟ್ಟೆಯೊಳಗಿನ ಕಬ್ಬಿಣದಲ್ಲಿ ಹಿಂದೆ ತಿರುಗಿದ ನೆನಪಿನ ಹಾಗೆ ಒಂದಿಷ್ಟು ಅಯಸ್ಕಾಂತದ ಗುಣ ಉಳಿದಿರುತ್ತದೆ. ರೂಢಿಯ ಕಡೆಗೆ ತಿರುಗಿಸಿದರೆ ಆ ಗುಣ ಬೆಳೆದು ಕರೆಂಟು ಏಳುತ್ತದೆ. ಉಲ್ಟಾ ತಿರುಗಿಸಿದರೆ ಹುಟ್ಟುವ ಚೂರು ಕರೆಂಟೇ ಆ ಗುಣವನ್ನು ಅಮುಕಿ ಬೆಳೆಯಗೊಡುವುದಿಲ್ಲ. ಅಪ್ಪ ಮೊದಲು ಕೆತ್ತಿದ ಎಡಸುತ್ತಿನ ರೆಕ್ಕೆಯನ್ನೇ ಏರಿಸಿದ್ದರೆ ಮೊದಲ ದಿನವೇ ಬಲ್ಬು ಉರಿಯುತ್ತಿತ್ತು. ಇದನ್ನು ನಾನು ಆಯಿಗೆ ಎಂದೂ ಹೇಳಲಿಲ್ಲ. ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ ಬಿಡಿ.

ಊಟ ಅರ್ಧಕ್ಕೆ ಬಿಟ್ಟು ಅಪ್ಪ ಮಾಳಿಗೆ ಏರಿದ. ಪಟ್ಟಾ ಬಿಚ್ಚಿ, ಒಂದು ತಿರುವು ಕೊಟ್ಟು ದಾಟಿಸಿ ನೋಡಿದರೆ ಒಂದು ಗೇಣು ಸಾಲದು. ದಾಟಿಸಿದ ಪಟ್ಟಾಕ್ಕೆ ಉದ್ದ ಹೆಚ್ಚು ಬೇಕು. ತುಂಡು ಎಲ್ಲಿಂದ ತರುವುದು? ತನ್ನ ಖಾಕಿ ಚಡ್ಡಿಯ ಸೊಂಟಪಟ್ಟಿಯನ್ನೇ ಸೆಳೆದು, ಕೊಯ್ದು, ದಬ್ಬಳದಿಂದ ಹೊಲಿದು ಸೇರಿಸಿದ. ಒಂದು ಕೈಯಲ್ಲಿ ಚಡ್ಡಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಬಿಚ್ಚಿದ. ಆಯಿ ಕಟ್ಟೆಯ ಮೇಲಿಂದ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಗಾಳಿ ಬಂತು. ಚಕ್ರ ಬಲಸುತ್ತು, ಡೈನಮೋ ಎಡಸುತ್ತು. ಎರಡಕ್ಕೂ ತಂತಮ್ಮ ದಾರಿ ಸಿಕ್ಕಿತ್ತು.

ನಾನು ಅಡಿಗೆಮನೆಯಲ್ಲಿ ಅವ್ವನ ಮಗ್ಗುಲಿಗೆ ನಿಂತಿದ್ದೆ. ಬಲ್ಬಿನೊಳಗಿನ ತಂತಿ ಮೊದಲು ಕೆಂಪಗೆ, ಆಮೇಲೆ ಹಳದಿ, ಆಮೇಲೆ ನೋಡಲಾಗದಷ್ಟು ಬಿಳಿ. ನನ್ನ ಕೂಗಿಗೆ ಆಡುಗಳು ಓಡಿಹೋದವು. ಭೀಮ ಅರ್ಧ ಬೋಳು ತಲೆ ಎತ್ತಿ ಬಲ್ಬಿಗೆ ಕೈಮುಗಿದ. ಅವ್ವ ಬಲ್ಬು ನೋಡಲೇ ಇಲ್ಲ, ಸುತ್ತಲೂ ನೋಡಿದಳು. ಗೋಡೆಯೆಲ್ಲ ಮಸಿ, ಮೂಲೆಗಳಲ್ಲಿ ಬಲೆ, ಗೂಡಿನಲ್ಲಿ ಎಂದೋ ಕಳೆದುಹೋದ ಸೌಟು. ಹತ್ತು ಹನ್ನೆರಡು ವರ್ಷ ಬಾಳಿದ ಕೋಣೆಯನ್ನು ಅವಳು ಅಂದೇ ಮೊದಲ ಸಲ ನೋಡಿದ್ದು. ಎಷ್ಟು ಹೊಲಸಾಗಿದೆ ಎಂದು ನಾಚಿ, ಕಸಬರಿಗೆ ಹುಡುಕತೊಡಗಿದಳು. ಆಮೇಲೆ ನಿಂತು ತನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು, ಹಿಂದು ಮುಂದು ತಿರುವಿ ನೋಡಿಕೊಂಡು, ಒಬ್ಬಳೇ ನಕ್ಕಳು. ಆ ನಗು ನೆನೆದರೆ ನನಗೆ ಈಗಲೂ ಮೈ ಬೆಚ್ಚಗಾಗುತ್ತದೆ.

ದಿನಾ ಉರಿಯಿತು ಎಂದು ಸುಳ್ಳು ಹೇಳುವುದಿಲ್ಲ. ಗಾಳಿ ನಿಂತ ದಿನ ಬ್ಯಾಟರಿ ಇದ್ದಷ್ಟು ಹೊತ್ತು, ಆಮೇಲೆ ಬೆಳಕಿಂಡಿಯೇ ಗತಿ. ಆಷಾಢದಲ್ಲಿ ಮಾತ್ರ ಬಲ್ಬು ಕಣ್ಣು ಕುಕ್ಕುತ್ತಿತ್ತು. ಚಳಿಗಾಲದಲ್ಲಿ ಗಾಳಿ ಮೂಡಣಕ್ಕೆ ತಿರುಗಿದಾಗ ಅಪ್ಪ ಕಂಬದ ತಲೆಯನ್ನೇ ಆ ಕಡೆಗೆ ತಿರುಗಿಸಿದ. ಆಗ ಕಟ್ಟೆಯಿಂದ ನೋಡಿದರೆ ಚಕ್ರ ಎಡಸುತ್ತಾಗಿ ಕಾಣಬೇಕು. ಮನೆಯವರೆಲ್ಲ ಉಸಿರು ಹಿಡಿದು ಆಯಿಯನ್ನು ನೋಡಿದೆವು. ಆಯಿ ಒಂದು ಗಳಿಗೆ ಮೇಲೆ ನೋಡಿದಳು, ಎದ್ದಳು, ಕೌದಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಅಲ್ಲಿಂದ ನೋಡುತ್ತ ಕುಳಿತಳು. ಸಂಕ್ರಾಂತಿ ಕಳೆಯುವವರೆಗೂ ಅಲ್ಲೇ ಕೂರುತ್ತಿದ್ದಳು.

ಆದರೆ ನಾನು ಹೇಳಬೇಕಾದದ್ದು ಬಲ್ಬು ಉರಿದ ಆ ಮಧ್ಯಾಹ್ನದ್ದು. ಓಣಿಯವರು ಸರದಿಯಲ್ಲಿ ಬಂದು ನೋಡಿ ಹೋದರು. ಅಪ್ಪ ಬಂದವರಿಗೆಲ್ಲ, ಇದು ನನ್ನ ಕೆಲಸವಲ್ಲ, ಇಕಿ ಹೇಳಿದ್ದು ಎಂದು ಅವ್ವನ ಕಡೆ ಬೆರಳು ತೋರಿಸಿದ. ಎಲ್ಲರೂ ಹೋದ ಮೇಲೆ ಆಯಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಅವ್ವ ಆಯಿಯ ಸ್ವಂತ ತಮ್ಮನ ಮಗಳು. ಇಬ್ಬರ ನಡುವೆ ಜಗಳ ಎಷ್ಟಿದ್ದರೂ ಬಹುವಚನ ಇರಲಿಲ್ಲ. ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತು, ಮೂಲೆಯಲ್ಲಿದ್ದ ತನ್ನ ಎರಡು ಗಡಿಗೆ ನೋಡಿದಳು.

"ಗಿರಣಿಗಿ ಹೋಗಿ ಬಂದ ದಿನಾನ ನಿನಗ ತಿಳಿದಿತ್ತು. ನಿನ್ನ ಮಾರಿ ನೋಡಿ ನಾ ತಿಳ್ಕೊಂಡೆ, ಏನೋ ನುಂಗಾಕತ್ತಾಳ ಅಂತ. ಬಾಯಿ ಬಿಡದಿದ್ರ ರಾಯಚೂರಾಗ ಇರ್ತಿದ್ದಿ. ಯಾಕ ಹೇಳಿದೆವ್ವಾ?"

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಕೈ ನಿಂತಿತು. ಅವಳು ತಲೆ ಎತ್ತಿದಾಗ ಆ ಬೆಳಕಿನಲ್ಲಿ ಅವಳ ಕಣ್ಣು ತುಂಬಿದ್ದು ಸರಿಯಾಗಿ ಕಾಣಿಸಿತು. ಚಿಮಣಿಯ ಕಾಲದಲ್ಲಾಗಿದ್ದರೆ ಹೊಗೆ ಎಂದುಕೊಳ್ಳುತ್ತಿದ್ದೆವು.

"ನನಗ ಕತ್ತಲಿ ಬ್ಯಾಡಾಗಿತ್ತು ಅತ್ತಿ. ನೀ ಬ್ಯಾಡಾಗಿರಲಿಲ್ಲ."

ಆಯಿ ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ ಒಳಗೆ ಬಂದು, ಒಲೆಯ ಮುಂದೆ ಅವ್ವನಿಗೆ ಮೈ ತಾಗುವಷ್ಟು ಹತ್ತಿರ ಕುಳಿತು, ಹಂಚಿನ ಕಡೆ ಗದ್ದ ತೋರಿಸಿದಳು.

"ರೊಟ್ಟಿ ಹೊತ್ತಾಕತ್ತದ ನೋಡು. ಈಗ ಕಾಣಸ್ತದಲ್ಲ, ಇನ್ನ ನೆಪ ಹೇಳಬ್ಯಾಡ."